ಮಿಕ್ಸಿ ನಿಂತುಹೋದಾಗ



ಕಳೆದ ಕಾರ್ತಿಕ ಮಾಸದ ಕಡೆಯ ಸೋಮವಾರ ಕೊಣನೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಬಂಧುಬಳಗದ ಇಪ್ಪತ್ತೈದು ಮಂದಿಗೆ ಪ್ರಸಾದದ ಏರ್ಪಾಡಾಗಿತ್ತು. ಬೆಳಗಿನ ಪೂಜೆ ಮುಗಿದು ಅಡುಗೆಯ ಮನೆಯಲ್ಲಿ ಒಬ್ಬಟ್ಟಿನ ಹೂರಣ ರುಬ್ಬುವ ಕೆಲಸ ನಡೆದಿತ್ತು. ಎರಡು ಜಾರು ಹೂರಣ ನುಣ್ಣಗಾಯಿತು. ಮೂರನೆಯದಕ್ಕೆ ಮಿಕ್ಸಿಯು ಒಮ್ಮೆ ಗುಂಯ್ ಎಂದು ನರಳಿ, ಅಲ್ಲಿಯೇ ನಿಂತುಬಿಟ್ಟಿತು.

ಅದು ಸಾಮಾನ್ಯ ಮಿಕ್ಸಿಯಾಗಿರಲಿಲ್ಲ. ನಮ್ಮ ತಾಯಿಯವರು ಡೇರಿಗೆ ಹಾಲು ಹಾಕಿ ಬಂದ ಹಣವನ್ನು ತಿಂಗಳು ತಿಂಗಳೂ ಕೂಡಿಟ್ಟು, ತಮ್ಮ ಹಿರಿಯ ಮಗಳಿಗೆಂದು ತೆಗೆದುಕೊಟ್ಟದ್ದು. ತಾಯಿಯವರು ಲಿಂಗೈಕ್ಯರಾಗಿ ಹನ್ನೊಂದು ವರ್ಷಗಳಾದವು. ಅಕ್ಕ ಮಿಕ್ಸಿಯ ಮೇಲೆ ಕೈಯಿಟ್ಟು, “ಇದರ ಆಯಸ್ಸು ಮುಗಿಯಿತು ಕಣೇ. ಅಮ್ಮನ ನೆನಪಿಗೆ ಅಟ್ಟದ ಮೇಲಾದರೂ ಇರಲಿ” ಎಂದಳು. ಭಾವನವರು, “ಹಾಸನಕ್ಕೆ ಹೋದಾಗ ಹೊಸದೊಂದು ತಂದರಾಯಿತು ಬಿಡಿ” ಎಂದರು. ಅಟ್ಟದ ಮೇಲೆ ಆಗಲೇ ಎರಡು ಹಳೆಯ ಮಿಕ್ಸಿಗಳು ಧೂಳು ತಿನ್ನುತ್ತಿದ್ದವೆಂಬುದು ನನಗೆ ಗೊತ್ತಿತ್ತು.

ಮೋಟಾರು ವೈಂಡಿಂಗ್ ಅಂಗಡಿಯ ಹಿರಿಯರೊಬ್ಬರಿಂದ ನಾನು ಈ ಯಂತ್ರದ ಬಗ್ಗೆ ನಾಲ್ಕು ಮಾತು ಕಲಿತವಳು. ಆ ಧೈರ್ಯದಿಂದ ಮಿಕ್ಸಿಯನ್ನು ಬೋರಲು ಹಾಕಿ, ಅಡಿಯಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿದೆ. ಯಂತ್ರ ಓಡಿತು. ಎಲ್ಲರ ಮುಖವೂ ಅರಳಿತು. ಒಂದು ನಿಮಿಷವಾಗುವುದರೊಳಗೆ ಮತ್ತೆ ನಿಂತಿತು. ನಾನು ಮತ್ತೆ ಒತ್ತಿದೆ. ಈ ಬಾರಿ ಸುಟ್ಟ ವಾಸನೆ ಬಂದಿತು. ಆ ಎರಡನೆಯ ಬಾರಿ ಒತ್ತಿದ್ದು ನನ್ನ ತಪ್ಪು. ಅದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಸಣ್ಣ ದೋಷವೊಂದು ಮೋಟಾರನ್ನೇ ಸುಡುವುದು ಇದೇ ಅವಸರದಿಂದ. ಉಳಿದ ಹೂರಣವನ್ನು ಅಂದು ಹಿತ್ತಿಲಿನ ಒಳಕಲ್ಲಿನಲ್ಲಿ ರುಬ್ಬಿದೆವು. ಪ್ರಸಾದಕ್ಕೆ ಕೊರತೆಯಾಗಲಿಲ್ಲ.

ಒಳಕಲ್ಲಿನ ಮುಂದೆ ಕುಳಿತಾಗ ಒಂದು ಯೋಚನೆ ಬಂದಿತು. ನಮ್ಮ ಅಜ್ಜಿಯರಿಗೆ ಈ ಕಲ್ಲಿನ ಗುಣವೆಲ್ಲ ತಿಳಿದಿತ್ತು. ಕಲ್ಲು ನುಣುಪಾಗಿ ಕಾಳು ಜಾರತೊಡಗಿದರೆ ಉಳಿಯಿಂದ ಅದನ್ನು ಒರಟು ಮಾಡಿಸುತ್ತಿದ್ದರು. ಕಲ್ಲು ಕೆಟ್ಟಿತೆಂದು ಯಾರೂ ಹೊಸ ಕಲ್ಲು ತರುತ್ತಿರಲಿಲ್ಲ. ದಿನಕ್ಕೆ ಮೂರು ಹೊತ್ತು ಬಳಸುವ ಮಿಕ್ಸಿಯ ಒಳಗೇನಿದೆ ಎಂಬುದು ಮಾತ್ರ ನಮಗೆ ತಿಳಿಯದು. ಬಳಸುವ ಸಾಧನವು ಬಳಸುವವರಿಗೇ ಅಪರಿಚಿತವಾಗಿ ಉಳಿದಿದೆ.

ವಿಚಿತ್ರವೆಂದರೆ, ನಮ್ಮ ದೇಶದ ಮಿಕ್ಸಿಯು ಹುಟ್ಟಿದ್ದೇ ಒಂದು ಮನೆಯಲ್ಲಿ ಕೆಟ್ಟುನಿಂತ ಯಂತ್ರದಿಂದ. ಮುಂಬಯಿಯಲ್ಲಿ ಸೀಮೆನ್ಸ್ ಸಂಸ್ಥೆಯ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಪತ್ನಿ ಮಾಧುರಿಯವರ ಬಳಿ ಜರ್ಮನಿಯ ತಯಾರಿಕೆಯ ಯಂತ್ರವೊಂದಿತ್ತು. ನಮ್ಮ ಅಡುಗೆಯ ಭಾರವನ್ನು ತಾಳಲಾರದೆ ಅದರ ಮೋಟಾರು ಸುಟ್ಟುಹೋಯಿತು. ಅದನ್ನು ದುರಸ್ತಿ ಮಾಡಿಸುವ ದಾರಿ ಇಲ್ಲಿ ದೊರೆಯಲಿಲ್ಲ. ಆಗ ಮಾಥುರರು ಒಣ ಮೆಣಸಿನಕಾಯಿ, ದನಿಯ, ನೆನೆದ ಅಕ್ಕಿ-ಬೇಳೆಗಳನ್ನು ಅರೆಯಬಲ್ಲ ಯಂತ್ರವನ್ನು ತಾವೇ ರೂಪಿಸಲು ಹೊರಟರು. 1963ರಲ್ಲಿ ಇದಕ್ಕಾಗಿ ಅವರ ಸಂಸ್ಥೆ ಆರಂಭವಾಯಿತು. ಅದರಿಂದ ಹೊರಬಂದ ‘ಸುಮೀತ್’ ಮಿಕ್ಸಿಯು ಮುಂದಿನ ಎರಡು ಮೂರು ದಶಕಗಳಲ್ಲಿ ಮನೆಮಾತಾಯಿತು. ಕೆಟ್ಟ ಯಂತ್ರವನ್ನು ಕಂಡು ಕೈಚೆಲ್ಲದೆ, ಅದು ಕೆಟ್ಟದ್ದೇಕೆ ಎಂದು ಕೇಳಿದ್ದರ ಫಲವದು. ನಾವು ಹೊಸ ಯಂತ್ರವನ್ನು ರೂಪಿಸಬೇಕಾಗಿಲ್ಲ. ಆ ಪ್ರಶ್ನೆಯನ್ನಷ್ಟೇ ಕೇಳಿದರೆ ಸಾಕು.

ಮರುದಿನ ಅಕ್ಕನ ಸೊಸೆಯೂ ನಾನೂ ಜಗುಲಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಮಿಕ್ಸಿಯನ್ನು ಮುಂದಿಟ್ಟುಕೊಂಡು ಕುಳಿತೆವು. ನಾವು ಕಂಡುಕೊಂಡದ್ದನ್ನು ಕ್ರಮವಾಗಿ ನಿವೇದಿಸುತ್ತೇನೆ.

ಎಲ್ಲಕ್ಕೂ ಮೊದಲು ಒಂದು ನಿಯಮ. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕೆಲಸ ಮಾಡುವವರ ಕಣ್ಣಮುಂದೆಯೇ ಇಟ್ಟುಕೊಳ್ಳಬೇಕು. ಕೈ, ನೆಲ, ಯಂತ್ರ ಮೂರೂ ಒಣಗಿರಬೇಕು. ಮಕ್ಕಳು ದೂರವಿರಲಿ. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಅಜಾಗರೂಕತೆಯನ್ನು ಕ್ಷಮಿಸುವುದಿಲ್ಲ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತಾಗುತ್ತಿರುವುದು ನಮ್ಮ ಕೊಣನೂರಿನ ತೂಗುಸೇತುವೆಯ ಕೆಳಗೆ ಹರಿದುಹೋಗುವ ಇದೇ ಕಾವೇರಿ. ನದಿಯೊಡನೆ ಎಷ್ಟು ಸಲಿಗೆಯೋ ಅಷ್ಟೇ ಭಯಭಕ್ತಿ ನಮಗುಂಟು. ವಿದ್ಯುತ್ತಿನ ವಿಷಯದಲ್ಲಿಯೂ ಹಾಗೆಯೇ ಇರಬೇಕು.

ಇನ್ನು ಯಂತ್ರದ ಸ್ವರೂಪ. ಸಾಮಾನ್ಯ ಮಿಕ್ಸಿಗಳ ಮೋಟಾರು 500ರಿಂದ 750 ವಾಟಿನದು. ಭಾರವಿಲ್ಲದಾಗ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಬಾವಿಯ ನೀರೆತ್ತುವ ಪಂಪಿನ ಮೋಟಾರು ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಇಷ್ಟು ವೇಗಕ್ಕಾಗಿ ಮಿಕ್ಸಿಯಲ್ಲಿ ಬೇರೆಯೇ ಬಗೆಯ ಮೋಟಾರನ್ನು ಇಟ್ಟಿರುತ್ತಾರೆ. ತಿರುಗುವ ತಾಮ್ರದ ಭಾಗಕ್ಕೆ ಎರಡು ಕಾರ್ಬನ್ ತುಂಡುಗಳು ಒತ್ತಿಕೊಂಡು ವಿದ್ಯುತ್ತನ್ನು ಒಯ್ಯುತ್ತವೆ. ವೇಗಕ್ಕೆ ತೆರುವ ಬೆಲೆಯೆಂದರೆ ಶಬ್ದ, ಕಾವು ಮತ್ತು ಸವೆತ. ಆದುದರಿಂದಲೇ ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ವಿರಾಮ ಕೊಡಬೇಕೆಂಬುದನ್ನು ಯಂತ್ರದೊಡನೆ ಬರುವ ಪುಸ್ತಿಕೆಯಲ್ಲಿ ತಿಳಿಸಿರುತ್ತಾರೆ. ನಮ್ಮಲ್ಲಿ ಅದನ್ನು ಓದಿದವರು ವಿರಳ.

ಅಡಿಯ ಕೆಂಪು ಗುಂಡಿಯು ಕಾವಲುಗಾರ. ಮೋಟಾರಿನ ಮೇಲೆ ಭಾರ ಹೆಚ್ಚಾದಾಗ ಅದು ವಿದ್ಯುತ್ತನ್ನು ಕಡಿದು ಯಂತ್ರವನ್ನು ಉಳಿಸುತ್ತದೆ. ಹೀಗೆ ನಿಂತಾಗ ಪ್ಲಗ್ ತೆಗೆದು, ಮೋಟಾರು ಪೂರ್ಣ ತಣಿಯುವವರೆಗೆ ಅರ್ಧ ಗಂಟೆಯಾದರೂ ಬಿಡಬೇಕು; ಜಾರಿನಲ್ಲಿರುವುದನ್ನು ಕಡಿಮೆ ಮಾಡಬೇಕು; ಆಮೇಲೆ ಗುಂಡಿ ಒತ್ತಬೇಕು. ಮತ್ತೆ ನಿಂತರೆ ಕಾರಣ ಬೇರೆಲ್ಲೋ ಇದೆಯೆಂದು ತಿಳಿದು ಹುಡುಕಬೇಕೇ ಹೊರತು, ನಾನು ಮಾಡಿದಂತೆ ಕಾವಲುಗಾರನ ಬಾಯಿ ಮುಚ್ಚಿಸಬಾರದು.

ನಮ್ಮ ಮಿಕ್ಸಿಯಲ್ಲಿ ಆ ಕಾರಣವನ್ನು ಕಂಡುಹಿಡಿದವಳು ಅಕ್ಕನ ಸೊಸೆ. ಜಾರನ್ನು ತಲೆಕೆಳಗು ಮಾಡಿ ಅಡಿಯ ಚಕ್ರವನ್ನು ಬೆರಳಿನಿಂದ ತಿರುಗಿಸಲು ನೋಡಿ, “ಚಿಕ್ಕತ್ತೆ, ಇದು ಅಲುಗಾಡುವುದೇ ಇಲ್ಲ ನೋಡಿ” ಎಂದಳು. ಹೌದು, ದೋಷ ಮೋಟಾರಿನಲ್ಲಿರಲಿಲ್ಲ, ಜಾರಿನಲ್ಲಿತ್ತು. ಅಲಗಿನ ದಂಡವು ಜಾರಿನ ತಳದಲ್ಲಿ ‘ಬುಷ್’ ಎಂಬ ಲೋಹದ ಬಳೆಯೊಳಗೆ ತಿರುಗುತ್ತದೆ. ಬೆಲ್ಲದ ಪಾಕವು ಅದರೊಳಗೆ ಇಳಿದು ಅಂಟಾಗಿ ಗಟ್ಟಿಯಾಗಿತ್ತು. ಅದರ ಮೇಲೆ ಗಟ್ಟಿ ಹೂರಣದ ಭಾರ. ಮೋಟಾರು ಪಾಪ, ಎರಡನ್ನೂ ಎಳೆಯುತ್ತಿತ್ತು.

ಇದರ ಪರಿಹಾರಕ್ಕೆ ಒಂದು ಪೈಸೆಯೂ ಬೇಡ. ಅಲಗು ಮುಳುಗುವಷ್ಟು ಬಿಸಿನೀರನ್ನು ಜಾರಿಗೆ ಹಾಕಿ, ಜಾರಿನ ಅಡಿಯೂ ನೆನೆಯುವಂತೆ ಬಿಸಿನೀರಿನ ಅಗಲವಾದ ಪಾತ್ರೆಯಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟೆವು. ಅನಂತರ ನೀರು ಚೆಲ್ಲಿ, ಜಾರನ್ನು ಬೋರಲು ಹಾಕಿ, ಅಡಿಯ ಚಕ್ರವನ್ನು ಹೊರಗಿನಿಂದ ಅತ್ತ ಇತ್ತ ತಿರುಗಿಸುತ್ತ ಹೋದಂತೆ ಅದು ಸಡಿಲವಾಯಿತು. ಜಾರಿನೊಳಗೆ ಕೈಹಾಕಿ ಅಲಗನ್ನು ಹಿಡಿದು ತಿರುಗಿಸಬಾರದು. ಬೆರಳು ಕತ್ತರಿಸುವುದು ನಿಶ್ಚಯ. ದಂಡವು ಸಡಿಲವಾಗಿ ಓಲಾಡುತ್ತಿದ್ದರೆ, ಇಲ್ಲವೇ ಜಾರಿನ ತಳದಿಂದ ಕಪ್ಪು ಜಿಡ್ಡು ಸೋರುತ್ತಿದ್ದರೆ ಬುಷ್ ಸವೆದಿದೆಯೆಂದರ್ಥ. ಆಗ ಜಾರನ್ನಷ್ಟೇ ಅಂಗಡಿಗೆ ಒಯ್ದು ಬುಷ್ ಬದಲಾಯಿಸಿಕೊಂಡರೆ ಸಾಕು, ಯಂತ್ರವನ್ನು ಹೊತ್ತೊಯ್ಯಬೇಕಾಗಿಲ್ಲ.

ಎರಡನೆಯ ಕಾರಣವೂ ತಿಳಿಯಿತು. ಶಬ್ದ ಕಡಿಮೆಯಾಗಲೆಂದು ಅಕ್ಕ ಮಿಕ್ಸಿಯ ಕೆಳಗೆ ಮಡಿಸಿದ ಬಟ್ಟೆಯನ್ನು ಹಾಸುತ್ತಿದ್ದಳು. ಮೋಟಾರು ಉಸಿರಾಡುವ ಕಂಡಿಗಳು ಅಡಿಯಲ್ಲಿಯೇ ಇರುತ್ತವೆ. ಬಟ್ಟೆ ಅವನ್ನು ಮುಚ್ಚಿದರೆ ಕಾವು ಹೊರಹೋಗುವ ದಾರಿಯೇ ಇಲ್ಲ. ಬಟ್ಟೆಯನ್ನು ತೆಗೆದು, ಕಂಡಿಗಳಿಗೆ ಅಂಟಿದ್ದ ಹಿಟ್ಟು, ಧೂಳನ್ನು ಒಣ ಕುಂಚದಿಂದ ಕೊಡವಿದೆವು.

ಮೂರನೆಯದು ಕಪ್ಲರ್. ಮೋಟಾರು ಭರ್ರನೆ ಓಡುತ್ತಿದ್ದರೂ ಅಲಗು ತಿರುಗದೆ ಕಟಕಟ ಸದ್ದು ಬಂದರೆ, ಜಾರನ್ನು ಕೂರಿಸುವ ಜಾಗದಲ್ಲಿ ಕಪ್ಪು ಪುಡಿ ಉದುರಿದ್ದರೆ, ಮೋಟಾರಿನ ಮೇಲಿನ ಹಲ್ಲುಗಳ ಈ ಬಿಲ್ಲೆ ಸವೆದಿದೆ. ಇದು ಅತಿ ಅಗ್ಗದ ಬಿಡಿಭಾಗ. ಪ್ಲಗ್ ಕಿತ್ತ ಮೇಲೆ ಮೋಟಾರಿನ ದಂಡವು ಅಲುಗದಂತೆ ಹಿಡಿಯಬೇಕು. ಅನೇಕ ಮಾದರಿಗಳಲ್ಲಿ ಅಡಿಯಿಂದ ಸ್ಕ್ರೂಡ್ರೈವರಿನ ತುದಿಯನ್ನು ದಂಡದ ಸೀಳಿಗೆ ಕೊಟ್ಟು ಹಿಡಿಯಬಹುದು. ಬಳಿಕ ಕಪ್ಲರನ್ನು ಮೋಟಾರು ಯಾವ ಕಡೆಗೆ ತಿರುಗುತ್ತದೆಯೋ ಅದೇ ಕಡೆಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಓಡುವಾಗ ತಾನಾಗಿ ಬಿಗಿಯಾಗುತ್ತ ಹೋಗಲೆಂದು ಅದರ ಮರೆಯನ್ನು ಹೀಗೆ ಕೊರೆದಿರುತ್ತಾರೆ. ಇದನ್ನರಿಯದೆ ವಿರುದ್ಧ ದಿಕ್ಕಿಗೆ ಬಲ ಹಾಕಿ ಮುರಿದುಕೊಂಡವರು ಅನೇಕರು. ಹಲ್ಲಿನ ಸಂಖ್ಯೆ, ಅಳತೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾದುದರಿಂದ ಹಳೆಯ ತುಂಡನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಲೇಸು.

ನಾಲ್ಕನೆಯದು ಕಾರ್ಬನ್ ತುಂಡುಗಳು. ಯಂತ್ರ ಒಮ್ಮೆ ಓಡಿ ಒಮ್ಮೆ ನಿಂತು, ತಟ್ಟಿದರೆ ಮತ್ತೆ ಓಡುವಂತಿದ್ದರೆ, ಕಂಡಿಯೊಳಗೆ ದೊಡ್ಡ ಕಿಡಿಗಳು ಕಂಡರೆ ಇವು ಸವೆದಿರುವ ಸಂಭವ ಹೆಚ್ಚು. ಸಣ್ಣ ನೀಲಿ ಕಿಡಿ ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಎರಡನ್ನೂ ಒಟ್ಟಿಗೇ, ಅದೇ ಅಳತೆಯವುಗಳಿಂದ ಬದಲಾಯಿಸಬೇಕು. ಇದಕ್ಕೆ ಅನೇಕ ಮಿಕ್ಸಿಗಳಲ್ಲಿ ಅಡಿಯ ಮುಚ್ಚಳವನ್ನು ಬಿಚ್ಚಬೇಕಾಗುತ್ತದೆ. ಕೈಕೆಲಸದ ಅಭ್ಯಾಸವಿದ್ದವರು ಮಾತ್ರ ಇದಕ್ಕೆ ಕೈಹಾಕುವುದು ಒಳ್ಳೆಯದು.

ಇಲ್ಲಿಗೆ ಮನೆಯ ಕೆಲಸದ ಎಲ್ಲೆ ಮುಗಿಯಿತು. ಮುಟ್ಟಿದರೆ ಜುಮ್ಮೆನ್ನುವ ಯಂತ್ರ, ಹೊಗೆಯಾಡಿದ ಯಂತ್ರ, ಒಳಗೆ ನೀರು ಹೊಕ್ಕ ಯಂತ್ರ, ಸುಟ್ಟ ತಂತಿಸುರುಳಿ, ಇವು ಬಲ್ಲವರ ಪಾಲಿನವು. ಜುಮ್ಮೆನ್ನುವ ಮಿಕ್ಸಿಯನ್ನು ಚಪ್ಪಲಿ ಮೆಟ್ಟಿ ಬಳಸುವ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ. ಅದು ಪ್ರಾಣದೊಡನೆ ಆಡುವ ಆಟ. ವಾರಂಟಿ ಮುಗಿಯದ ಯಂತ್ರವನ್ನು ಬಿಚ್ಚಲೇಬಾರದು. ಬಿಚ್ಚಿದರೆ ಆ ಸೌಲಭ್ಯವನ್ನು ಕಳೆದುಕೊಳ್ಳಬೇಕಾದೀತು. ಎಲ್ಲಿ ಕೈಹಾಕಬೇಕು ಎಂಬುದನ್ನು ತಿಳಿಯುವುದು ಅರ್ಧ ವಿದ್ಯೆಯಾದರೆ, ಎಲ್ಲಿ ಕೈ ಹಿಂತೆಗೆಯಬೇಕು ಎಂಬುದು ಉಳಿದರ್ಧ.

ದುರಸ್ತಿಗೆ ಹೋದರೆ “ಇದರ ಬಿಡಿಭಾಗ ಬರುವುದಿಲ್ಲ, ಹೊಸದು ಕೊಳ್ಳಿ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಗ್ರಾಹಕರ ಈ ಸಂಕಟವನ್ನು ಮನಗಂಡು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ಆರಂಭಿಸಿತು. ಗೃಹೋಪಯೋಗಿ ಸಾಧನಗಳ ದುರಸ್ತಿ, ಬಿಡಿಭಾಗಗಳ ವಿವರವನ್ನು ತಯಾರಕರು ಅಲ್ಲಿ ಒದಗಿಸಬೇಕೆಂಬುದು ಅದರ ಆಶಯ. ಮನೆಯ ವಿದ್ಯಾವಂತ ಮಕ್ಕಳು ಹಿರಿಯರಿಗೆ ಇಂತಹ ನೆರವು ನೀಡಬಹುದು.

ಕಾಯಕವನ್ನು ನಂಬಿ ಬಂದ ಮನೆತನಗಳಲ್ಲಿ ಯಾವ ಕೈಕೆಲಸವೂ ಕೀಳಲ್ಲ. ಸ್ಕ್ರೂಡ್ರೈವರ್ ಹಿಡಿಯುವುದು ಗಂಡಸರ ಕೆಲಸವೆಂಬ ಭೇದವೂ ಸಲ್ಲದು. ಅಂದು ಸಂಜೆ ಅಕ್ಕನ ಸೊಸೆ ಖಾಲಿ ಜಾರನ್ನು ಕೂರಿಸಿ ಕ್ಷಣಕಾಲ ಗುಂಡಿ ತಿರುಗಿಸಿದಳು. ಮಿಕ್ಸಿ ಹಿಂದಿನಂತೆಯೇ ಸದ್ದುಮಾಡಿತು. ಅದೃಷ್ಟವಶಾತ್ ನನ್ನ ಅವಸರಕ್ಕೆ ಮೋಟಾರು ಬಲಿಯಾಗಿರಲಿಲ್ಲ. ಅಕ್ಕ ಒಳಗಿನಿಂದ ಬಂದು ನಿಂತು ಕೇಳಿದಳು. ಏನೂ ಮಾತನಾಡಲಿಲ್ಲ. ಆಮೇಲೆ ಒಂದು ಹಿಡಿ ಹುಚ್ಚೆಳ್ಳು, ನಾಲ್ಕು ಮೆಣಸಿನಕಾಯಿ ಹುರಿದು ತಂದು, “ಅಮ್ಮ ಇದರಲ್ಲಿ ಮೊದಲು ಮಾಡಿಸಿದ್ದು ಹುಚ್ಚೆಳ್ಳಿನ ಚಟ್ನಿಯನ್ನೇ. ಹಾಕು” ಎಂದು ಸೊಸೆಯ ಕೈಗಿತ್ತಳು. ಅಟ್ಟದ ಮೇಲಿನ ಎರಡು ಮಿಕ್ಸಿಗಳನ್ನೂ ಮುಂದಿನ ಭಾನುವಾರ ಇಳಿಸಬೇಕೆಂದು ಸೊಸೆ ಆಗಲೇ ನಿಶ್ಚಯಿಸಿದ್ದಳು.

ನಿಮ್ಮ ಮನೆಯ ಜಾರನ್ನೂ ಇಂದು ಒಮ್ಮೆ ಬೋರಲು ಹಾಕಿ, ಅಡಿಯ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿರಿ. ಅದು ಹಗುರಾಗಿ ತಿರುಗಿದರೆ ನಿಶ್ಚಿಂತೆ; ಬಿಗಿಯಾಗಿದ್ದರೆ ಹಬ್ಬದ ಹಿಂದಿನ ದಿನವೇ ತಿಳಿದಂತಾಯಿತು.

ಎಲ್ಲರಿಗೂ ಒಳ್ಳೆಯದಾಗಲಿ.