ನಾಲ್ಕನೆಯ ಸ್ಥಾನವೂ ನಮ್ಮ ಪ್ರೇಕ್ಷಕರೂ

ಗಾಲ್ಫ್ ಎಂಬ ಆಟಕ್ಕೂ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೂ ಯಾವ ನಂಟು ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹದಿನೆಂಟು ಕುಣಿಗಳ ಒಂದು ಗಾಲ್ಫ್ ಮೈದಾನಕ್ಕೆ ನೂರು ಎಕರೆಯಷ್ಟಾದರೂ ನೆಲ ಬೇಕು. ಕೃಷ್ಣೆಯ ದಂಡೆಯಲ್ಲಿ ಅಷ್ಟು ನೀರಾವರಿ ನೆಲ ಕೈಗೆ ಬಂದರೆ ನಮ್ಮವರು ಹುಲ್ಲು ಬೆಳೆಸುವುದಿಲ್ಲ, ಕಬ್ಬು ಹಚ್ಚುತ್ತಾರೆ. ಹಾಗಿದ್ದೂ 2021ನೆಯ ಇಸವಿಯ ಆಗಸ್ಟ್ 7ರಂದು, ಹೊತ್ತು ಮೂಡುವ ಮೊದಲೇ ಎದ್ದು, ನಮ್ಮ ಓಣಿಯ ನಾಲ್ಕಾರು ಮನೆಗಳಲ್ಲಾದರೂ ಜನ ಗಾಲ್ಫ್ ನೋಡಿದರು. ಜೀವಮಾನದಲ್ಲಿ ಆ ಆಟದ ಕೋಲನ್ನೇ ಕಾಣದವರು ಅವರು. ಆ ಬೆಳಗಿನ ಪ್ರೇಕ್ಷಕರ ವಿಷಯವಾಗಿ ನನಗೆ ಕೆಲವು ಮಾತು ಹೇಳುವುದಿದೆ.

ಸಂದರ್ಭ ಅನೇಕರಿಗೆ ನೆನಪಿರಬಹುದು. ಟೋಕಿಯೋ ಒಲಿಂಪಿಕ್ಸಿನ ಮಹಿಳಾ ಗಾಲ್ಫ್ ಪಂದ್ಯ. ಬೆಂಗಳೂರಿನ ಅದಿತಿ ಅಶೋಕ್, ವಯಸ್ಸು 23, ಲೋಕದ ಶ್ರೇಯಾಂಕದಲ್ಲಿ 200ನೆಯವರು. ಆ ವರ್ಷವೇ ಕೊರೋನಾ ಬಂದು ಹೋಗಿ ಮೈಯಲ್ಲಿ ಶಕ್ತಿ ಕುಂದಿತ್ತು. ಚೀಲ ಹೊತ್ತು ಜೊತೆಗೆ ನಡೆದವರು ಹೆತ್ತ ತಾಯಿ. ಇಂಥವರು ಮೂರು ದಿನದ ಆಟ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದರು. ಮುಂದೆ ಇದ್ದವರು ಅಮೆರಿಕದ ನೆಲ್ಲಿ ಕೋರ್ಡಾ ಒಬ್ಬರೇ.

ಆಟದ ಮರ್ಮ ಕಠಿಣವಲ್ಲ. ಸಣ್ಣವರಿದ್ದಾಗ ಗೋಲಿ ಆಡಿದವರಿಗೆಲ್ಲ ಅದು ಅರ್ಥವಾಗುತ್ತದೆ. ಚೆಂಡು ಕುಣಿಯೊಳಗೆ ಬೀಳಬೇಕು; ಕಡಿಮೆ ಹೊಡೆತದಲ್ಲಿ ಬೀಳಿಸಿದವರು ಗೆದ್ದಂತೆ. ದೂರ ಹೊಡೆಯಲು ತೋಳಿನ ಬಲ ಬೇಕು, ಹತ್ತಿರ ಬಂದಮೇಲೆ ಕೈಯ ಹದ ಬೇಕು. ಅದಿತಿಯವರ ಹೊಡೆತ ಅಲ್ಲಿ ಸೇರಿದ್ದ ಅರವತ್ತು ಜನರಲ್ಲಿ ತೀರ ಕಡಿಮೆ ದೂರ ಹೋಗುವಂಥವುಗಳಲ್ಲಿ ಒಂದು. ಅವರನ್ನು ಎರಡನೆಯ ಸ್ಥಾನದಲ್ಲಿ ನಿಲ್ಲಿಸಿದ್ದು ಆ ಕೈಯ ಹದವೇ.

ಕೊನೆಯ ದಿನದ ಮಾತಿಗೆ ಬರೋಣ. ಬಿರುಗಾಳಿ, ಮಳೆಯ ಮುನ್ಸೂಚನೆ ಇದ್ದುದರಿಂದ ಆಟವನ್ನು ಬೇಗನೆ ಆರಂಭಿಸಿದರು. ನಾಲ್ಕನೆಯ ಸುತ್ತು ಪೂರ್ತಿಯಾಗದೆ ಹೋದರೆ ಮೂರು ಸುತ್ತಿನ ಲೆಕ್ಕವೇ ಕೊನೆಯ ಲೆಕ್ಕ ಎಂಬ ಸುದ್ದಿಯೂ ಬಂದಿತು. ಮೂರು ಸುತ್ತಿನ ಲೆಕ್ಕವೆಂದರೆ ಅದಿತಿಯವರಿಗೆ ಬೆಳ್ಳಿ! ಅಲ್ಲಿಂದ ನಮ್ಮವರ ಕಣ್ಣು ಚೆಂಡನ್ನು ಬಿಟ್ಟು ಮೋಡದ ಮೇಲೆ ನೆಟ್ಟಿತು. "ಮಳಿ ಬಂದ್ರ ಸಾಕು, ಬೆಳ್ಳಿ ನಮ್ದ" ಎಂದು ಹಿರಿಯರೊಬ್ಬರು ಕೈಮುಗಿದದ್ದನ್ನು ನಾನೇ ಕೇಳಿದೆ. ಕೊನೆಯ ಒಂದೆರಡು ಕುಣಿಗಳು ಉಳಿದಿರುವಾಗ ಗುಡುಗು ಮಿಂಚು ಬಂದು ಆಟ ನಿಂತಾಗಲಂತೂ ಓಣಿಯಲ್ಲಿ ಹಬ್ಬದ ಕಳೆ.

ಇದರಲ್ಲಿ ಒಂದು ವಿಚಿತ್ರ ಉಂಟು. ಅದಕ್ಕೆ ಎರಡು ವಾರ ಮೊದಲು, ಜುಲೈ ಕೊನೆಯ ಭಾಗದಲ್ಲಿ, ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿ ಹರಿದಿದ್ದವು. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿ ಪುಣೆಯ ಕಡೆಗಿನ ಸಂಚಾರ ನಿಂತಿತ್ತು. ಮಳೆಯೇ, ಸಾಕು ಮಾಡು ಎಂದು ಬೇಡಿಕೊಂಡ ಬಾಯಿಗಳೇ ಈಗ ಅದನ್ನು ಟೋಕಿಯೋಗೆ ಕರೆಯುತ್ತಿದ್ದವು. ವರುಣದೇವನಿಗೆ ನಮ್ಮವರ ಅರ್ಜಿಗಳನ್ನು ಓದಿ ತಲೆಕೆಟ್ಟಿರಬೇಕು.

ಅರ್ಜಿ ಮಂಜೂರಾಗಲಿಲ್ಲ. ಮುಕ್ಕಾಲು ಗಂಟೆ ಕಳೆದಮೇಲೆ ಆಟ ಮತ್ತೆ ಆರಂಭವಾಯಿತು. ಹದಿನೆಂಟನೆಯ ಕುಣಿಗೆ ಅದಿತಿ ದೂರದಿಂದ ಹೊಡೆದ ಚೆಂಡು ಒಳಗೆ ಬೀಳದೆ ಮುಂದೆ ಸರಿಯಿತು. ನಾಲ್ಕು ದಿನದಲ್ಲಿ ಕೋರ್ಡಾ ಹೊಡೆದದ್ದು 267, ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 268, ಅದಿತಿ 269. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು.

ಆಗ ಎದ್ದ ಉದ್ಗಾರಗಳನ್ನು ನೆನೆದರೆ ಇಂದಿಗೂ ನನಗೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. "ಹಾಳಾದ ಮಳೆ ಕೈಕೊಟ್ಟಿತು" ಎಂದರು ಕೆಲವರು. ಕೊನೆಯ ಚೆಂಡನ್ನು ಇನ್ನಷ್ಟು ಮೆಲ್ಲಗೆ ಹೊಡೆಯಬೇಕಿತ್ತೆಂದು, ಮೂರು ತಾಸಿನ ಹಿಂದೆ ಗಾಲ್ಫ್ ಕಲಿತ ಪಂಡಿತರು ಅಪ್ಪಣೆ ಕೊಡಿಸಿದರು. 1960ರ ರೋಮ್‌ನ ಮಿಲ್ಖಾ ಸಿಂಗ್, 1984ರ ಲಾಸ್ ಏಂಜಲಿಸ್‌ನ ಪಿ. ಟಿ. ಉಷಾ ಇವರ ನಾಲ್ಕನೆಯ ಸ್ಥಾನಗಳನ್ನೂ ತೆಗೆದು ಅತ್ತದ್ದಾಯಿತು. ಅದೇ ಸಂಜೆ ನೀರಜ್ ಚೋಪ್ರಾ 87.58 ಮೀಟರು ಭರ್ಜಿ ಎಸೆದು ಚಿನ್ನ ಗೆದ್ದರು, ಪಟಾಕಿ ಸಿಡಿದವು, ಬೆಳಗಿನ ಅಳು ಯಾರಿಗೂ ನೆನಪಿರಲಿಲ್ಲ.

ಚಿನ್ನಕ್ಕೆ ಸಂಭ್ರಮಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಪದಕವೇಕೆ ಬೇಕು ಎಂದು ಮೂಗು ಮುರಿಯುವ ವೈರಾಗಿಯೂ ನಾನಲ್ಲ. ಪದಕ ಬಂದರೆ ಆಟಗಾರನಿಗೆ ನೌಕರಿ ಬರುತ್ತದೆ, ಹಣ ಬರುತ್ತದೆ. ಊರಿನ ನಾಲ್ಕು ಹುಡುಗರು ಮೈದಾನಕ್ಕೆ ಇಳಿಯುತ್ತಾರೆ. ನನ್ನ ತಕರಾರು ಆ ಮಳೆಯ ಬಗ್ಗೆ. ನಮ್ಮವಳು ಆಡಬೇಕು, ಆಡಿ ಗೆಲ್ಲಬೇಕು ಎಂದು ಹಾರೈಸುವುದು ಅಭಿಮಾನ. ಅವಳು ಇನ್ನು ಆಡದೆಯೇ ಇರಲಿ, ಆಡಿದರೆ ಸೋತಾಳು ಎಂದು ಬೇಡಿಕೊಳ್ಳುವುದಕ್ಕೆ ಏನೆನ್ನಬೇಕು? ಅಲ್ಲಿ ನಮಗೆ ಬೇಕಾಗಿದ್ದದ್ದು ಅದಿತಿಯಲ್ಲ, ಬೆಳ್ಳಿ. ಮೂರು ದಿನ ಲೋಕದ ಬಲಾಢ್ಯರ ನಡುವೆ ನಿಂತ ಆ ಹುಡುಗಿಗೆ ನಾಲ್ಕನೆಯ ದಿನವೂ ನಿಲ್ಲುವ ಶಕ್ತಿ ಉಂಟೆಂಬ ನಂಬಿಕೆ ಅವಳ ಅಭಿಮಾನಿಗಳಿಗೇ ಇರಲಿಲ್ಲ.

ಇದೇ ನಮ್ಮ ಜನ ಕುಸ್ತಿಯ ಕಣದಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ, ಗಮನಿಸಿದ್ದೀರಾ? ಜಾತ್ರೆಯ ದಿನ ಹಲಗೆಯ ಬಡಿತ ಏರಿದಂತೆ ಮುದುಕರೂ ತುದಿಗಾಲ ಮೇಲೆ ನಿಲ್ಲುತ್ತಾರೆ. ದೊಡ್ಡ ಪೈಲ್ವಾನನ ಕೈಗೆ ಸಿಕ್ಕ ಸಣ್ಣ ಹುಡುಗ ಅರ್ಧ ತಾಸು ಬೆನ್ನು ಮಣ್ಣಿಗೆ ಹಚ್ಚದೆ ಉಳಿದು, ಕೊನೆಗೆ ಚಿತ್ ಆದನೆಂದುಕೊಳ್ಳಿ. ಗೆದ್ದವನಿಗೆ ಫೇಟಾ ಸುತ್ತುವುದು ಸರಿಯೇ. ಸೋತ ಹುಡುಗನ ಕೈಗೂ ಹತ್ತು, ಐವತ್ತು ರೂಪಾಯಿ ತುರುಕುವವರು ಎಷ್ಟು ಮಂದಿ! ಯಾವ ಪಟ್ಟಿನಿಂದ ಅವನು ಹೇಗೆ ಬಿಡಿಸಿಕೊಂಡನೆಂಬುದನ್ನು ಮುಂದಿನ ಜಾತ್ರೆಯವರೆಗೂ ಚಹಾದ ಅಂಗಡಿಯಲ್ಲಿ ಹೇಳುತ್ತಾರೆ. ಆ ಕುಸ್ತಿಯ ನಡುವೆ ಮಳೆ ಬರಲಿ ಎಂದು ಯಾರಾದರೂ ಬೇಡಿದರೆ ಅವನನ್ನು ಕಣದಿಂದಾಚೆ ಅಟ್ಟಿಯಾರು. ಕಾರಣ ಸ್ಪಷ್ಟ: ಕುಸ್ತಿ ನಮಗೆ ತಿಳಿದ ಆಟ. ತಿಳಿದ ಆಟದಲ್ಲಿ ಆಟವನ್ನು ನೋಡುತ್ತೇವೆ, ತಿಳಿಯದ ಆಟದಲ್ಲಿ ಪದಕದ ಪಟ್ಟಿಯನ್ನಷ್ಟೇ ನೋಡುತ್ತೇವೆ.

ಪದಕದ ಪಟ್ಟಿಯನ್ನು ನೋಡುವವರಿಗೆ ತೃಪ್ತಿಯೂ ಇಲ್ಲ. ಎರಡು ವರ್ಷದ ಮೇಲೆ, 2023ರ ಅಕ್ಟೋಬರ್ 1ರಂದು, ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಿತಿಯವರು ಬೆಳ್ಳಿ ಗೆದ್ದರು. ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಪದಕ ಅದು. ಆದರೆ ಅಲ್ಲಿ ಕೊನೆಯ ದಿನ ಅವರು ಏಳು ಹೊಡೆತಗಳಷ್ಟು ಮುಂದಿದ್ದು ಆಟ ಆರಂಭಿಸಿದವರು. ಆ ದಿನ ಕೈ ಕೂಡಿಬರದೆ ಥಾಯ್ಲೆಂಡಿನ ಆಟಗಾರ್ತಿಗೆ ಎರಡು ಹೊಡೆತಗಳಿಂದ ಚಿನ್ನ ಹೋಯಿತು. ಟೋಕಿಯೋದಲ್ಲಿ ಮಳೆಯ ಕೈಯಿಂದ ಬೇಡಿದ ಲೋಹವೇ ಹಾಂಗ್‌ಝೌದಲ್ಲಿ ಅವರ ಸ್ವಂತ ಕೈಯಿಂದ ಬಂದರೆ, "ಚಿನ್ನ ಕಳಕೊಂಡ್ಲಲ್ಲ" ಎಂದರು ನಮ್ಮವರು.

ನೆರೆಯ ಕೊಲ್ಹಾಪುರದ ಕಥೆಯೊಂದನ್ನು ಇಲ್ಲಿ ಹೇಳದೆ ಇರಲಾರೆ. ರಾಜಾರಾಮ್ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ್ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋಗಿ ಆರನೆಯವರಾಗಿ ಬಂದರು. ನಾಲ್ಕನೆಯದೂ ಅಲ್ಲ, ಆರನೆಯದು! ಆದರೆ ಆ ಆರನೆಯ ಸ್ಥಾನದ ಬೆಲೆ ಬಲ್ಲವರು ಕೊಲ್ಹಾಪುರದಲ್ಲಿದ್ದರು. ಮುಂದಿನ ಸಲ ಹೆಲ್ಸಿಂಕಿಗೆ ಕಳಿಸಲು ಹಣ ಸಾಲದಾದಾಗ ಅವರ ಕಾಲೇಜಿನ ಪ್ರಾಂಶುಪಾಲರು ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ತಂದರೆಂಬುದು ಈ ಭಾಗದಲ್ಲೆಲ್ಲ ಪ್ರಸಿದ್ಧ. (ನಮ್ಮ ಪ್ರಾಂಶುಪಾಲರು ಇದನ್ನೋದಿ ಗಾಬರಿಯಾಗಬಾರದಾಗಿ ವಿನಂತಿ.) 1952ರಲ್ಲಿ ಜಾಧವ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ವ್ಯಕ್ತಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಎತ್ತಿನ ಬಂಡಿಗಳ ಮೆರವಣಿಗೆಯಲ್ಲಿ ಅವರನ್ನು ಊರಿಗೆ ಕರೆದೊಯ್ದರು. ಆರನೆಯವನಾಗಿ ಬಂದ ದಿನವೇ ಜನ ಅವರನ್ನು ಮರೆತಿದ್ದರೆ ಆ ಬಂಡಿಗಳನ್ನು ಹೂಡುವ ಕೆಲಸವೇ ಇರುತ್ತಿರಲಿಲ್ಲ.

ಇಷ್ಟು ದೂರದ ಮಾತು ಬೇಡವೆಂದರೆ ನಮ್ಮ ಕಾಲೇಜಿನ ಕ್ರೀಡಾ ವಿಭಾಗದ ಫಲಕವನ್ನೇ ನೋಡಬಹುದು. ಅಲ್ಲಿ ಪ್ರಥಮ, ದ್ವಿತೀಯ, ತೃತೀಯ ಎಂಬ ಮೂರು ಸಾಲುಗಳಿವೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಈ ವರ್ಷ ಅಂತರ್ ಕಾಲೇಜು ಕೂಟದ 800 ಮೀಟರ್ ಓಟದಲ್ಲಿ ನಮ್ಮ ಬಿ.ಎ. ತರಗತಿಯ ಸಹಪಾಠಿಯೊಬ್ಬಳು ನಾಲ್ಕನೆಯವಳಾಗಿ ಬಂದಳು. ಹಿಂದಿನ ವರ್ಷ ಹನ್ನೊಂದನೆಯವಳಾಗಿದ್ದಳು. ಎರಡು ಸಲವೂ ಫಲಕದಲ್ಲಿ ಹೆಸರಿಲ್ಲ. ಸ್ನೇಹ ಸಮ್ಮೇಳನದ ವರದಿಯಲ್ಲಾದರೂ, ಕೂಟಕ್ಕೆ ಹೋಗಿ ಓಡಿ ಬಂದವರ ಹೆಸರುಗಳನ್ನೆಲ್ಲ ಅವರವರ ಕಾಲಮಾನದೊಡನೆ ಓದಬೇಕೆಂದು ದೈಹಿಕ ಶಿಕ್ಷಣದ ಗುರುಗಳಲ್ಲಿ ಕೇಳಿಕೊಂಡಿದ್ದೇನೆ, ನೋಡೋಣ ಎಂದಿದ್ದಾರೆ. ಆಕೆ ಮಾತ್ರ ದಿನವೂ ಬೆಳಿಗ್ಗೆ ಐದೂವರೆಗೆ ಕಾಲೇಜಿನ ಮೈದಾನದಲ್ಲಿ ಓಡುತ್ತಿರುತ್ತಾಳೆ. ನೋಡಬೇಕೆನ್ನುವವರು ಅಷ್ಟು ಹೊತ್ತಿಗೇ ಏಳಬೇಕಾದೀತು.