ಭಾನುವಾರದ ಮೆಕ್ಯಾನಿಕ್ಕು ಮತ್ತು ಮನೆಮಂದಿಯ ಆರೋಗ್ಯ

ವಾರವಿಡೀ ಕಚೇರಿ, ಅಂಗಡಿ, ಶಾಲೆ ಎಂದು ಓಡಾಡುವವರಿಗೆ ಭಾನುವಾರ ಬಿಡುವು ಎಂಬುದು ಬರಿಯ ಮಾತು. ಸಂಪು ತೊಳೆಯಬೇಕು, ಅಟ್ಟದ ಧೂಳು ಹೊಡೆಯಬೇಕು, ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಬೇಕು, ಬಾಗಿಲಿಗೆ ಬಣ್ಣ ಬಳಿಯಬೇಕು. ಇವೆಲ್ಲ ಮುಗಿದ ಮೇಲೆ, ಅಥವಾ ಇವನ್ನೆಲ್ಲ ಮುಂದಿನ ವಾರಕ್ಕೆ ತಳ್ಳಿ, ಹಿತ್ತಿಲಿನ ಶೆಡ್ಡಿನಲ್ಲಿ ಹಳೆಯ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂರುವ ಯಜಮಾನರು ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲೂ ಇದ್ದಾರೆ.

ಇರಲೇಬೇಕಲ್ಲ. ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ನಮ್ಮ ಪಕ್ಕದ ಮೈಸೂರಿನ ಯಾದವಗಿರಿಯಲ್ಲಿ. 1960ರ ದಶಕದ ಆರಂಭದಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಸದ್ದು ಮಾಡುತ್ತಿವೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವವರೂ ಇದ್ದಾರೆ. ಅಪ್ಪನ ಯೆಜ್ಡಿಯನ್ನೋ, ರೇಷ್ಮೆಗೂಡಿನ ಮೂಟೆ ಹೊತ್ತು ಸವೆದ ಮೊಪೆಡ್ಡನ್ನೋ ಮಗ ಮತ್ತೆ ಓಡುವಂತೆ ಮಾಡಿದರೆ ಅದರಲ್ಲಿ ಸಂತೋಷವಿದೆ. ಟಿ.ವಿ. ಮುಂದೆ ಮಲಗುವುದಕ್ಕಿಂತ ಇದು ಎಷ್ಟೋ ಮೇಲು ಎಂದೇ ನನ್ನ ಅಭಿಪ್ರಾಯ.

ನನ್ನ ತಕರಾರು ಬೇರೆ. ಹವ್ಯಾಸ ಒಬ್ಬರದು, ಅಪಾಯದಲ್ಲಿ ಪಾಲು ಮನೆಯವರೆಲ್ಲರದು. ಪೇಟೆಯ ಗ್ಯಾರೇಜಿನಲ್ಲಿ ಎರಡು ವರ್ಷದ ಮಗು ಅಂಬೆಗಾಲಿಡುವುದಿಲ್ಲ. ನಿಮ್ಮ ಶೆಡ್ಡಿನಲ್ಲಿ ಇಡುತ್ತದೆ.

ಪೆಟ್ರೋಲಿನಿಂದಲೇ ಆರಂಭಿಸೋಣ. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪನ್ನು ಬಾಯಿಗಿಟ್ಟು ಎಳೆಯುವ ಪದ್ಧತಿ ಇನ್ನೂ ಹೋಗಿಲ್ಲ. ಒಂದು ಗುಟುಕು ಬಾಯಿಗೆ ಬಂದರೆ ಉಗಿದು, ನೀರು ಮುಕ್ಕಳಿಸಿ, ನಕ್ಕು ಸುಮ್ಮನಾಗುತ್ತೇವೆ. ಆ ಗುಟುಕಿನ ಸ್ವಲ್ಪ ಅಂಶ ಶ್ವಾಸನಾಳಕ್ಕೆ ಇಳಿದರೆ ಕೆಲವೇ ಗಂಟೆಗಳಲ್ಲಿ ಕೆಮ್ಮು, ಏದುಸಿರು, ಜ್ವರ ಕಾಣಿಸಿಕೊಳ್ಳಬಹುದು. ಪೆಟ್ರೋಲ್ ನೀರಿಗಿಂತ ತೆಳು. ಶ್ವಾಸಕೋಶದ ಒಳಗೆ ಬೇಗ ಹರಡಿ ಉರಿಯೂತ ತರುತ್ತದೆ. ಅಸಲಿಗೆ ಬಾಯಿಯ ಸಹಾಯವೇ ಬೇಕಿಲ್ಲ. ಇಂಥ ಹಳೆಯ ಗಾಡಿಗಳ ಟ್ಯಾಂಕಿನ ಕೆಳಗೆ ಪೆಟ್ರೋಲ್ ನಲ್ಲಿ ಇದೆ. ಕಾರ್ಬುರೇಟರಿನ ಕಡೆಯ ಪೈಪು ಬಿಡಿಸಿ, ಕೆಳಗೆ ಡಬ್ಬಿ ಹಿಡಿದು, ನಲ್ಲಿ ತಿರುಗಿಸಿದರೆ ತಾನಾಗಿ ಇಳಿಯುತ್ತದೆ.

ಹಾಗೆ ಇಳಿಸಿದ ಪೆಟ್ರೋಲ್ ಎಲ್ಲಿ ಸೇರುತ್ತದೆ? ಕುಡಿಯುವ ನೀರಿನ ಬಾಟಲಿಗೆ, ಇಲ್ಲವೇ ತಂಪು ಪಾನೀಯದ ಖಾಲಿ ಬಾಟಲಿಗೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇದೇ. ಬಾಯಾರಿದ ಮಗುವಿಗೆ ಬಾಟಲಿ ಎಂದರೆ ಬಾಟಲಿ. ಮಗು ಕುಡಿದುಬಿಟ್ಟರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪುನೀರು, ಎಣ್ಣೆ, ಹಾಲು ಯಾವುದನ್ನೂ ಕುಡಿಸಬೇಡಿ. ವಾಂತಿಯಾಗುವಾಗಲೇ ಪೆಟ್ರೋಲ್ ಶ್ವಾಸಕೋಶಕ್ಕೆ ಹೋಗುವ ಸಂಭವ ಹೆಚ್ಚು. ಒದ್ದೆಯಾದ ಬಟ್ಟೆ ತೆಗೆದು, ಮೈ ತೊಳೆದು, ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನೋಡಲು ಚೆನ್ನಾಗಿದ್ದರೂ ವೈದ್ಯರು ಕೆಲವು ಗಂಟೆ ಇರಿಸಿಕೊಂಡು ನೋಡುತ್ತಾರೆ, ಅವಸರಪಡಿಸಬೇಡಿ. ಹನೂರಿನಿಂದ ಆಚೆ, ಮಲೆ ಮಹದೇಶ್ವರ ಬೆಟ್ಟದ ದಾರಿಯ ಊರುಗಳವರು 108ಕ್ಕೆ ಕರೆ ಮಾಡಲು ತಡಮಾಡಲೇಬಾರದು. ದಾರಿ ದೂರ.

ಇನ್ನು ಬಣ್ಣದ ವಿಚಾರ. ಇದು ಗಾಡಿಗೂ ಸಂಬಂಧಿಸಿದ್ದು, ಮನೆಯ ಹಳೆಯ ಬಾಗಿಲು ಕಿಟಕಿಗೂ ಸಂಬಂಧಿಸಿದ್ದು. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುವುದುಂಟು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಜ್ಜನ ಕಾಲದ ಬಾಗಿಲಿಗೂ 1970ರ ದಶಕದ ಗಾಡಿಗೂ ಯಾವ ನಿಯಮ? ಅದನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ನಯವಾದ ಧೂಳು ನೆಲ, ಬಟ್ಟೆ, ಕೈಬೆರಳು ಎಲ್ಲವನ್ನೂ ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಇಷ್ಟಿದ್ದರೆ ಅಡ್ಡಿಯಿಲ್ಲ ಎನ್ನುವ ಪ್ರಮಾಣವೇ ಇಲ್ಲ. ತಕ್ಷಣಕ್ಕೆ ಜ್ವರವಿಲ್ಲ, ನೋವಿಲ್ಲ. ಕುಂದುವುದು ಮಗುವಿನ ಕಲಿಕೆ ಮತ್ತು ಗಮನ. ಗರ್ಭಿಣಿಯರೂ ಈ ಧೂಳಿನಿಂದ ದೂರವಿರಬೇಕು.

ಪರಿಹಾರ ಅಗ್ಗವಾದದ್ದು. ವಾಟರ್ ಪೇಪರ್ ತಂದು, ನೀರು ಚಿಮುಕಿಸುತ್ತ ಬಯಲಿನಲ್ಲಿ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಹಾಕಿಕೊಂಡ ಅಂಗಿಯನ್ನು ಮಗುವಿನ ಬಟ್ಟೆಯ ಜೊತೆ ನೆನೆಹಾಕಬೇಡಿ. ಅದನ್ನು ನೀವೇ ಬೇರೆಯಾಗಿ ಒಗೆಯಿರಿ. ‘ನೀವೇ’ ಎಂದದ್ದು ಬೇಕೆಂದೇ. ಹವ್ಯಾಸ ನಿಮ್ಮದು, ಒಗೆತ ಮನೆಯಾಕೆಯದು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಬ್ರೇಕ್ ಡ್ರಮ್ಮಿನ ಧೂಳನ್ನೂ ಬಾಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು. ಅದನ್ನೂ ಒದ್ದೆ ಮಾಡಿಯೇ ತೆಗೆಯಬೇಕು.

ಎಂಜಿನ್ ಕೊನೆಗೂ ಚಾಲೂ ಆಯಿತೆನ್ನಿ. ಆ ಖುಷಿಯಲ್ಲಿ ಶೆಡ್ಡಿನ ಬಾಗಿಲು ತೆರೆಯಲು ಮರೆಯಬೇಡಿ. ನೀಲಿ ಹೊಗೆ ಕಣ್ಣಿಗೆ ಕಾಣುತ್ತದೆ. ಅದರೊಡನೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ ಬಂದರೆ ಪಿತ್ತವೆಂದು ನಿಂಬೆರಸ ಕುಡಿಯುತ್ತ ಕೂರದೆ ಎಲ್ಲರೂ ಹೊರಗೆ ಗಾಳಿಗೆ ಬನ್ನಿ. ಗಾಡಿಯನ್ನೇ ಅಂಗಳಕ್ಕೆ ತಳ್ಳಿ ಕಿಕ್ ಹೊಡೆದರೆ ಈ ಮಾತೇ ಬೇಡ.

ಬಚ್ಚಲು ತೊಳೆಯುವವರಿಗೂ ಇಂಥದ್ದೇ ಒಂದು ಎಚ್ಚರಿಕೆ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಉಬ್ಬಸವಿದ್ದವರಿಗೆ ಅದು ಬಹಳ ಕೆಟ್ಟದ್ದು.

ತಂತಿ ಬ್ರಷ್ಷಿನಿಂದ ತುಕ್ಕು ಕೆರೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಚೂರು ಹಾರಿ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಸೆರಗಿನ ತುದಿ, ಬೆಂಕಿಕಡ್ಡಿ, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಬ್ಯಾಟರಿಯ ಆಸಿಡ್ ಸಿಡಿದರೆ ಮೊದಲು ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು, ಆಮೇಲೆ ವೈದ್ಯರ ಬಳಿಗೆ. ನೂರು ಕಿಲೋ ಮೀರಿದ ಗಾಡಿಯನ್ನು ಒಬ್ಬರೇ ಎತ್ತಿ ಸೊಂಟ ಹಿಡಿಸಿಕೊಳ್ಳುವ ಬದಲು ಪಕ್ಕದ ಮನೆಯವರನ್ನು ಕೂಗಿ. ಒಂದು ಲೋಟ ಕಾಫಿಗೆ ಬಂದೇ ಬರುತ್ತಾರೆ.

ಇನ್ನೊಂದು. ತುಕ್ಕು ಹಿಡಿದ ತಗಡು ಕೊಯ್ದಾಗ ‘ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದಿರಿ’ ಎಂದು ಕೇಳಿದರೆ ಹೆಚ್ಚಿನವರು ಸೂರು ನೋಡುತ್ತಾರೆ. ಕೊಳೆ ಸೇರಿದ ಗಾಯವಾದಾಗ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಕಳೆದಿದ್ದರೆ ಮತ್ತೊಂದು ಬೇಕಾಗುತ್ತದೆ. ಗೇರ್ ಎಣ್ಣೆ ಬದಲಿಸಿದ ತಾರೀಖನ್ನು ಬರೆದಿಡುವ ಪುಸ್ತಕದಲ್ಲೇ ಇದರ ತಾರೀಖನ್ನೂ ಬರೆದಿಡಿ.