ರಾಡ್ ಹೀಟರ್‌ಗೆ ಟೈಮರ್ ಬೇಡ. ಗೀಸರ್‌ಗೆ ಹಾಕೋದಾದ್ರೆ ಮೊದಲು ಅರ್ಥಿಂಗ್ ನೋಡಿ

ಹನಿ ನೀರಾವರಿ ವಾಲ್ವ್‌ಗಳಿಗೆ ಟೈಮರ್ ಹಾಕಿದ ಮೇಲೆ ನನಗೆ ಎಲ್ಲದಕ್ಕೂ ಟೈಮರ್ ಹಾಕೋ ಹುಚ್ಚು ಹಿಡಿದಿತ್ತು. ಬೆಳಗ್ಗೆ ಐದಕ್ಕೆ ಹಾಲು ಕರೆಯುವ ಹೊತ್ತಿಗೆ ಕೆಚ್ಚಲು, ಕ್ಯಾನ್ ತೊಳೆಯೋಕೆ ಬಿಸಿನೀರು ಸಿದ್ಧ ಇರಲಿ ಅಂತ ಬಕೆಟ್‌ಗೆ ರಾಡ್ ಹೀಟರ್ ಇಳಿಬಿಟ್ಟು, ಮುಳ್ಳು ತಿರುಗಿಸುವ ಪ್ಲಗ್ ಟೈಮರ್‌ನಲ್ಲಿ ನಾಲ್ಕೂವರೆಗೆ ಆನ್, ಐದಕ್ಕೆ ಆಫ್ ಅಂತ ಇಟ್ಟು ಮಲಗಿದೆ.

ರಾತ್ರಿ ಎರಡು ಗಂಟೆ ಕರೆಂಟ್ ಹೋಯ್ತು. ಆ ಟೈಮರ್‌ಗೆ ಬ್ಯಾಟರಿ ಇರಲಿಲ್ಲ, ಕರೆಂಟ್ ಇದ್ದರೆ ಮಾತ್ರ ತಿರುಗುತ್ತಿತ್ತು. ಹಾಗಾಗಿ ಎರಡು ಗಂಟೆ ಹಿಂದೆ ಬಿತ್ತು. ಐದಕ್ಕೆ ಎದ್ದ ಅಮ್ಮ ನೀರು ತಣ್ಣಗಿರೋದು ನೋಡಿ ಒಲೆ ಹೊತ್ತಿಸಿದರು. ಬಕೆಟ್ ನೀರನ್ನು ಕೊಟ್ಟಿಗೆಗೆ ಸುರಿದು, ರಾಡನ್ನು ಖಾಲಿ ಬಕೆಟ್‌ನಲ್ಲೇ ಇಟ್ಟರು. ಆರೂವರೆಗೆ ಟೈಮರ್ ಆನ್ ಆಯ್ತು. ವಾಸನೆ ಬಂದು ಓಡಿ ಹೋದರೆ ಬಕೆಟ್ ಕರಗಿ, ಪಕ್ಕದ ಹುಲ್ಲಿನ ಕಡೆ ಹೊಗೆ. ಬಕೆಟ್ ಹೋಯ್ತು, ಅಷ್ಟೇ. ಅಮ್ಮನ ಕೈ ನೀರಿನಲ್ಲಿದ್ದಾಗ ಅದು ಆನ್ ಆಗಿದ್ದರೆ?

ಟೈಮರ್‌ಗೆ ಗೊತ್ತಿರೋದು ಹೊತ್ತು ಮಾತ್ರ. ಬಕೆಟ್‌ನಲ್ಲಿ ನೀರಿದೆಯಾ, ಕೈ ಇದೆಯಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ನೇರ: ಬಕೆಟ್ ರಾಡ್‌ಗೆ ಎಷ್ಟೇ ಒಳ್ಳೆಯ ಟೈಮರ್ ಇದ್ದರೂ ಹಾಕಬೇಡಿ. ರಾಡ್ ಆನ್ ಮಾಡಿದವರು ಹತ್ತಿರವೇ ಇರಬೇಕು, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಬೇಕು.

ಗೀಸರ್ ಮಾತು ಬೇರೆ. ನೀರು ಕಾದ ಮೇಲೆ ನಿಲ್ಲಿಸೋ ಥರ್ಮೋಸ್ಟಾಟ್, ಅದು ಕೈಕೊಟ್ಟರೆ ಕಟ್‌ಔಟ್, ಒತ್ತಡ ಹೆಚ್ಚಾದರೆ ಬಿಡೋ ಸೇಫ್ಟಿ ವಾಲ್ವ್ ಅದರಲ್ಲೇ ಇರುತ್ತವೆ. ಅದಕ್ಕೆ ಟೈಮರ್ ಹಾಕಬಹುದು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ಲ, ಆಫ್ ಮಾಡೋದು ಮರೆಯೋ ಮನೆಗೆ ಇದು ಉಪಯೋಗವೇ.

ಯಾವ ಟೈಮರ್?

2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ಸ್ ಎಳೆಯುತ್ತದೆ, 3000 ವ್ಯಾಟ್‌ನದು 13. ಆದ್ದರಿಂದ 6 ಆಂಪ್ಸ್, 10 ಆಂಪ್ಸ್ ಪ್ಲಗ್ ಟೈಮರ್ ಬೇಡ, 16 ಆಂಪ್ಸ್‌ನದು ನೋಡಿ. ಕರೆಂಟ್ ಹೋದರೂ ಗಡಿಯಾರ ಓಡೋ ಹಾಗೆ ಒಳಗೆ ಬ್ಯಾಟರಿ ಇರಲೇಬೇಕು. ಮೊಬೈಲ್‌ನಿಂದ ನಡೆಯೋ ಸ್ಮಾರ್ಟ್ ಪ್ಲಗ್ ತಗೊಂಡ್ರೆ, ಕರೆಂಟ್ ವಾಪಸ್ ಬಂದಾಗ ಅದು ಆಫ್ ಆಗಿಯೇ ಇರಬೇಕು ಅಂತ ಆ್ಯಪ್‌ನಲ್ಲಿ ಸೆಟ್ ಮಾಡಿ. ಕೆಲವು ತಾವಾಗಿಯೇ ಆನ್ ಆಗಿಬಿಡುತ್ತವೆ.

ಹೊತ್ತು ಇಡುವಾಗ ನಮ್ಮೂರ ವೋಲ್ಟೇಜ್ ನೆನಪಿರಲಿ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರೋಕೆ 2000 ವ್ಯಾಟ್‌ನಲ್ಲಿ ಸುಮಾರು 35 ನಿಮಿಷ ಸಾಕು. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಗೀಸರ್ 1200 ವ್ಯಾಟ್ ಆಸುಪಾಸಿಗೆ ಬೀಳುತ್ತೆ, ಹತ್ತಿರಹತ್ತಿರ ಒಂದು ಗಂಟೆ ಬೇಕು.

ವೈರಿಂಗ್ ಹೇಗಿರಬೇಕು?

ಈ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ ಕೈಲೇ ಮಾಡಿಸಿ. ಆದರೆ ಅವರು ಮಾಡಿದ್ದು ಸರಿ ಇದೆಯಾ ಅಂತ ನೋಡೋಕೆ ನಿಮಗೆ ಇಷ್ಟು ಗೊತ್ತಿರಲಿ. 30 ಮಿಲಿ ಆಂಪ್ಸ್ ಆರ್‌ಸಿಸಿಬಿ, ಆಮೇಲೆ ಎಂಸಿಬಿ, ಆಮೇಲೆ ಟೈಮರ್, ಕೊನೆಗೆ ಗೀಸರ್‌ನ ಡಬಲ್ ಪೋಲ್ ಸ್ವಿಚ್. 2000 ವ್ಯಾಟ್‌ಗೆ 16 ಆಂಪ್ಸ್ ಎಂಸಿಬಿ, 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್. ಗೀಸರ್ ಲೋಡ್ ಟೈಮರ್ ಮೇಲೆ ಬೀಳದ ಹಾಗೆ ನಡುವೆ ಕಾಂಟ್ಯಾಕ್ಟರ್ ಹಾಕಿಸಿದರೆ ಇನ್ನೂ ಒಳ್ಳೇದು. ಮೋಟರ್ ಸ್ಟಾರ್ಟರ್ ಒಳಗೆ ಟಕ್ ಅಂತ ಕೂರುತ್ತಲ್ಲ, ಅದೇ. ಟೈಮರ್ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತೆ, ಭಾರ ಕಾಂಟ್ಯಾಕ್ಟರ್ ಹೊರುತ್ತೆ. ಈ ಪೆಟ್ಟಿಗೆ ಬಚ್ಚಲಮನೆಯ ಹೊರಗೇ ಇರಲಿ.

ಅರ್ಥ್ ವೈರ್ ಯಾವ ಸ್ವಿಚ್ಚನ್ನೂ ಹಾಯದೆ ಗೀಸರ್‌ನಿಂದ ನೇರ ಅರ್ಥಿಂಗ್ ಗುಂಡಿಗೆ ಹೋಗಬೇಕು. ಪಂಪ್ ಶೆಡ್‌ನಲ್ಲಿ ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿ ಬಲ್ಬ್ ಉರಿಸೋ ಚಾಳಿ ನಮ್ಮಲ್ಲಿದೆ. ಮನೆಗೆ ಅದನ್ನು ತರಬೇಡಿ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ, ಒಣ ಮಣ್ಣಿನಲ್ಲಿ ಅರ್ಥಿಂಗ್ ಕೆಲಸ ಮಾಡಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಅದನ್ನು ಬದಲಿಸಿ, ಅಲ್ಲಿವರೆಗೆ ಗೀಸರ್ ಮುಟ್ಟಬೇಡಿ.

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಅರ್ಥಿಂಗ್, ಆಮೇಲೆ ಆರ್‌ಸಿಸಿಬಿ, ಟೈಮರ್ ಕೊನೆಗೆ. ನಾನು ಮಾಡಿದ್ದು ಇದರ ತಿರುಗಾಮುರುಗಾ. ಈಗ ನಮ್ಮ ಗೀಸರ್‌ಗೆ ಟೈಮರ್ ಇದೆ. ರಾಡ್ ಮಾತ್ರ ಅಟ್ಟ ಸೇರಿದೆ. ಕರೆಂಟ್ ಇಲ್ಲದ ದಿನ ತೆಂಗಿನ ಮಟ್ಟೆ ಹಾಕಿ ಹಂಡೆ ಒಲೆ ಹಚ್ಚುತ್ತೇವೆ. ಅದಕ್ಕೆ ಟೈಮರ್ ಅಂದ್ರೆ ಅಮ್ಮನೇ.